ಮಾತ್ರೆಯ ಅಂಚಿನ ನೀಲಿ

"ಬೂಷ್ಟು ಬಂದಿದೆ, ಅಷ್ಟೇ," ಅಂದರು ದೊಡ್ಡ ಡಾಕ್ಟರು.

"ಬೂಷ್ಟು ಹೀಗೆ ಗೆರೆ ಎಳೆದ ಹಾಗೆ ಬರಲ್ಲ ಡಾಕ್ಟ್ರೇ," ಅಂದಳು ಭೂತಗನ್ನಡಿ. "ಅಂಚಿಗೆ ಮಾತ್ರ ಹತ್ತಿದೆ. ಅದೂ ನೀಲಿ."

ಇಕ್ಕಳದ ತುದಿಯಲ್ಲಿದ್ದ ಬಿಳಿ ಮಾತ್ರೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಔಷಧಿ ಕೋಣೆಯ ಮೇಜಿನ ತುಂಬ ರೋಗಿಗಳು ಹಿಂತಿರುಗಿಸಿದ ಸೀಸೆಗಳು ಮುಚ್ಚಳ ತೆರೆದುಕೊಂಡು ಕೂತಿದ್ದವು. ಆಸ್ಪತ್ರೆಗೆ ಬಂದಾಗಲೆಲ್ಲ ಉಳಿದ ಮಾತ್ರೆಗಳನ್ನು ಸೀಸೆಸಮೇತ ಒಪ್ಪಿಸಿ ಹೊಸ ಸೀಸೆ ಒಯ್ಯುವುದು ಅಲ್ಲಿನ ಪದ್ಧತಿ.

ಭೂತಗನ್ನಡಿ ಅನ್ನುವುದು ನರ್ಸುಗಳು ಬೆನ್ನ ಹಿಂದೆ ಇಟ್ಟ ಹೆಸರು. ಅವಳ ಕೆಲಸ ಔಷಧ ಪ್ರಯೋಗಗಳ ತಪಾಸಣೆ. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಕಡೆಗೆಲ್ಲ ಹೋಗಿ, ಎಲ್ಲಾದರೂ ನಿಯಮ ತಪ್ಪಿದೆಯೇ ಎಂದು ಕಣ್ಣಿಟ್ಟು ನೋಡುವುದು. ಹೆಸರು ಕಿವಿಗೆ ಬಿದ್ದಾಗ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಮನೆಯಲ್ಲಿ ಮಗಳು ಕರೆಯುವುದು ಇದಕ್ಕಿಂತ ಕಡೆಯಾಗಿತ್ತು.

ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗಿ ಉಸಿರು ಸಾಲದೆ ಬರುವ ಕಾಯಿಲೆಗೆ ಇಲ್ಲಿ ಪ್ರಯೋಗ ನಡೆದಿತ್ತು. ಅರ್ಧ ಜನ ರೋಗಿಗಳಿಗೆ ಹೊಸ ಔಷಧಿ. ಇನ್ನರ್ಧ ಜನಕ್ಕೆ ನೋಡಲು ಅದೇ ಥರದ, ಒಳಗೇನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರಬಾರದು, ಡಾಕ್ಟರಿಗೂ ಗೊತ್ತಿರಬಾರದು. ಆಗಲೇ ಔಷಧಿಯ ನಿಜವಾದ ಗುಣ ತಿಳಿಯುವುದು.

ಆದರೆ ನೆನ್ನೆ ಬಂದ ರಕ್ತಪರೀಕ್ಷೆ ಎಲ್ಲವನ್ನೂ ತಲೆಕೆಳಗು ಮಾಡಿತ್ತು. ಔಷಧಿ ಒಬ್ಬೊಬ್ಬರ ರಕ್ತದಲ್ಲೂ ಇತ್ತು. ಪೂರ್ತಿ ಯಾರಲ್ಲೂ ಇಲ್ಲ, ಏನೂ ಇಲ್ಲದವರೂ ಇಲ್ಲ. ಎಲ್ಲರಲ್ಲೂ ಇರಬೇಕಾದ್ದರ ಅರ್ಧದಷ್ಟು.

"ಯಾರೂ ಚೇತರಿಸ್ಕೊಳ್ತಾ ಇಲ್ಲ, ಯಾರೂ ಹಾಸಿಗೆ ಹಿಡೀತಾನೂ ಇಲ್ಲ ಅಂದಾಗಲೇ ನನಗೆ ಅನುಮಾನ ಬರ್ಬೇಕಿತ್ತು," ಅಂದರು ದೊಡ್ಡ ಡಾಕ್ಟರು. "ಬೆರೆಸಿದ್ದು ಇಲ್ಲೇ. ಈ ಕಟ್ಟಡದಲ್ಲಿ ಯಾರಿಗೆ ಯಾವ ಮಾತ್ರೆ ಅಂತ ಗೊತ್ತಿರೋದು ಒಬ್ಬರಿಗೆ. ಕಪಾಟಿನ ಕೀಲಿ ಇರೋದೂ ಅದೇ ಒಬ್ಬರ ಹತ್ತಿರ."

ಆ ಒಬ್ಬರು ಅಲ್ಲೇ ಗೋಡೆಗೆ ಆನಿಕೊಂಡು ನಿಂತಿದ್ದರು. ಔಷಧಿ ಕೋಣೆಯ ಯಜಮಾನ. ಹೊರಗೆ ಹೋಗುವಾಗ ಬೀಗವನ್ನು ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುವ ಮನುಷ್ಯ. ಎಲ್ಲರ ಬಾಯಲ್ಲೂ ಬೀಗದಣ್ಣ.

"ಸಂಜೆಯೊಳಗೆ ಇವರ ತಪಾಸಣೆ ಮುಗಿಯುತ್ತೆ," ದೊಡ್ಡ ಡಾಕ್ಟರು ಅವನತ್ತ ನೋಡದೆ ಹೇಳಿದರು. "ಮುಗಿದ ಮೇಲೆ ನೀವು ಈ ಕೋಣೆಗೆ ಬರೋ ಹಾಗಿಲ್ಲ. ಉಳಿದದ್ದನ್ನ ಪೊಲೀಸಿನವರ ಹತ್ತಿರ ಮಾತಾಡಿ."

ಅವರು ಹೊರಗೆ ಹೋದರು. ಬೀಗದಣ್ಣ ಜೇಬಿಗೆ ಕೈಹಾಕಿ ಕೀಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡ.

"ನೀವು ಮಾಡಿದ್ರಾ?" ಅವಳು ನೇರವಾಗಿ ಕೇಳಿದಳು.

"ಮೊನ್ನೆ ಕೇಳಿದ್ರೆ ಇಲ್ಲ ಅಂತಿದ್ದೆ ಮೇಡಂ." ಅವನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. "ಈಗ ಗೊತ್ತಾಗ್ತಿಲ್ಲ. ನಿದ್ದೆಗಣ್ಣಲ್ಲಿ ತುಂಬಿಸಿದ್ನಾ, ಒಂದು ಡಬ್ಬ ಇನ್ನೊಂದಕ್ಕೆ ಹೋಯ್ತಾ... ನನ್ನ ಕೈಯಿಂದ ತಪ್ಪಾಗಿದ್ರೆ ಯಾವ ತಪ್ಪು ಅಂತಾನಾದ್ರೂ ಹೇಳ್ಬಿಡಿ. ಮನೆಗೆ ಹೋಗಿ ಹೆಂಡತಿಗೆ ಏನಂತ ಹೇಳ್ಲಿ? ಏನೋ ಮಾಡಿದೀನಂತೆ, ಏನು ಅಂತ ನನಗೇ ಗೊತ್ತಿಲ್ಲ ಅಂತಲೇ?"

ಕಳ್ಳರನ್ನು ಅವಳು ಕಂಡಿದ್ದಳು. ಸುಳ್ಳು ಹೇಳುವವರನ್ನೂ ಕಂಡಿದ್ದಳು. ಮಾಡದ ತಪ್ಪನ್ನು ತನ್ನೊಳಗೇ ತಡಕಾಡುತ್ತಿರುವ ಮನುಷ್ಯನನ್ನು ಕಂಡಿದ್ದು ಇದೇ ಮೊದಲು. ಜ್ವರ ಬಂದ ಮಗು ಎಲ್ಲಿ ನೋವು ಅಂದರೆ ಕೈಗೆ ಸಿಕ್ಕಿದ ಕಡೆಯೆಲ್ಲ ತೋರಿಸುತ್ತದಲ್ಲ, ಹಾಗಿತ್ತು ಅವನ ಸ್ಥಿತಿ.

ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಹಿರಿಯಕ್ಕ.

ಹಿರಿಯಕ್ಕ ಅವಳ ಮೇಲಧಿಕಾರಿ. ಈ ಕೆಲಸಕ್ಕೆ ಕೈಹಿಡಿದು ತಂದವರು, ಹೆರಿಗೆಯಾದಾಗ ಅವಳ ಪಾಲಿನ ಕೆಲಸವನ್ನೂ ತಾವೇ ಎಳೆದವರು. ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟಿನ ಇನ್ನೊಂದು ಪ್ರತಿ ಮುದ್ರೆ ಹಾಕಿ ಇಟ್ಟಿರುವುದು ಅವರ ಬಳಿ. ಆ ಗುಟ್ಟು ಇಟ್ಟುಕೊಂಡವರು ಯಾವ ರೋಗಿಯ ಜೊತೆಗೂ ಒಡನಾಡುವಂತಿಲ್ಲ. ಮುಖ ನೋಡಿದರೆ ಮನಸ್ಸು ವಾಲುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುವವರೂ ಅವರೇ.

"ಏನಾಯ್ತು ಕಣೇ?"

"ಸಂಜೆ ಒಳಗೆ ಹೆಸರು ಹೇಳ್ಬೇಕಂತೆ ಅಕ್ಕಾ."

"ಯಾರು ಅಂತ ಗೊತ್ತಾಗ್ಲಿಲ್ಲ ಅಂತ ಬರೆದು ಬಂದ್ಬಿಡು."

ಅವಳಿಗೆ ಆಶ್ಚರ್ಯವಾಯಿತು. "ನೀವು ಹೇಳೋ ಮಾತಾ ಇದು? ಗೊತ್ತಾಗ್ಲಿಲ್ಲ ಅಂದ್ರೆ ಈ ಬಡಪಾಯಿ ತಲೆಗೇ ಕಟ್ತಾರೆ."

"ಹೌದು," ಅಂದರು ಹಿರಿಯಕ್ಕ. "ಅವನೊಬ್ಬ ಇದಾನಲ್ಲ. ಸರಿ, ಆಮೇಲೆ ಮಾಡ್ತೀನಿ."

ಸುಸ್ತಾಗಿದ್ದಾರೆ ಅನ್ನಿಸಿತು ಅವಳಿಗೆ. ಫೋನು ಚೀಲಕ್ಕೆ ಹಾಕಿ ಮತ್ತೆ ಮಾತ್ರೆ ಕೈಗೆತ್ತಿಕೊಂಡಳು.

ಉಗುರಿನಿಂದ ಅಂಚನ್ನು ಮೆಲ್ಲಗೆ ಕೆರೆದಳು. ನೀಲಿ ಪುಡಿ ಬೆರಳಿಗೆ ಹತ್ತಿತು. ಹೆಬ್ಬೆರಳಿಂದ ಉಜ್ಜಿದರೆ ತುಸು ನುಣುಪು, ತುಸು ಜಾರು, ಆಮೇಲೆ ಕಾಣೆ. ಈ ನುಣುಪು ಬೆರಳಿಗೆ ಗೊತ್ತಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಮಗಳ ಸ್ಕರ್ಟಿನ ಅಂಚನ್ನು ಬಿಚ್ಚಿ ಉದ್ದ ಮಾಡುವಾಗ ಉಜ್ಜಿ ಅಳಿಸುವ ಗೆರೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ.

ಅವಳು ಮಿಕ್ಕ ಸೀಸೆಗಳನ್ನೂ ಒಂದೊಂದಾಗಿ ಬಿಳಿ ಕಾಗದದ ಮೇಲೆ ತಟ್ಟಿದಳು. ಒಂದರಲ್ಲಿ ನೀಲಿ ಪುಡಿ. ಇನ್ನೊಂದರಲ್ಲಿ ಕಂದು ದಾರದ ಚೂರು. ಮತ್ತೊಂದರಲ್ಲಿ ಎರಡೂ. ಅವೆಲ್ಲ ಬೇರೆ ಬೇರೆ ಮನೆಗಳಿಗೆ ಹೋಗಿ ಬಂದ ಸೀಸೆಗಳು. ಬೀಗದಣ್ಣನ ಕಪಾಟಿನಲ್ಲಿ ಇನ್ನೂ ಯಾರಿಗೂ ಕೊಡದೆ ಉಳಿದಿದ್ದ ಹೊಸ ಸೀಸೆಗಳನ್ನೂ ತೆಗೆಸಿ ತಟ್ಟಿದಳು. ಏನೂ ಬೀಳಲಿಲ್ಲ.

ಅಂದರೆ ಬೆರೆತದ್ದು ಇಲ್ಲಿಂದ ಹೊರಟ ಮೇಲೆ.

ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಉಸಿರು ಊದುವ ಪರೀಕ್ಷೆಗೆ ಕಾಯುತ್ತಿದ್ದವರ ಮಧ್ಯೆ ಒಬ್ಬ ಹೆಂಗಸು ಕಂಡಿದ್ದಳು. ಕೊರಳಲ್ಲಿ ಸರ ಹಾಕಿಕೊಂಡಷ್ಟೇ ಸಹಜವಾಗಿ ಅಳತೆಯ ಟೇಪು ನೇತಾಡುತ್ತಿತ್ತು.

"ಸ್ವಲ್ಪ ಹೊರಗೆ ಹೋಗಿ ಬರ್ತೀನಿ," ಅಂದಳು ಭೂತಗನ್ನಡಿ.

"ನಾನು ಬೀಗ ಹಾಕ್ಲಾ ಮೇಡಂ?"

"ಹಾಕಿ. ಒಂದೇ ಸಲ ನೋಡಿ ಸಾಕು."

*

ಟೇಪಿನ ಹೆಂಗಸಿನ ಹೊಲಿಗೆ ಅಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಎದುರಿಗೆ ಗಾಜಿನ ಬಾಗಿಲು, ಒಳಗೆ ಎರಡು ಹೊಲಿಗೆ ಮೆಷಿನು, ಗೋಡೆಯುದ್ದಕ್ಕೂ ನೇತುಹಾಕಿದ ಕೋಟುಗಳು. ಮಧ್ಯೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅದರ ಮೇಲೆ ಹಾಸಿದ್ದ ಅರ್ಧ ಹೊಲಿದ ಕೋಟೊಂದು ನೆಲದವರೆಗೂ ಇಳಿಬಿದ್ದಿತ್ತು.

ಟೈಲರಮ್ಮ ಮೆಷಿನ್ನಿನ ಮುಂದೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ನಿವೃತ್ತ ಬಸ್ ಕಂಡಕ್ಟರು. ಅವರನ್ನೂ ಅದೇ ಬೆಂಚಿನ ಮೇಲೆ ನೋಡಿದ ನೆನಪು.

"ಅಳತೆಗಾ, ರಿಪೇರಿಗಾ?" ಟೈಲರಮ್ಮ ತಲೆಯೆತ್ತದೆ ಕೇಳಿದರು.

"ರಿಪೇರಿಗೆ," ಅನ್ನುತ್ತ ಅವಳು ನೀಲಿ ಅಂಚಿನ ಮಾತ್ರೆಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಪಕ್ಕದಲ್ಲೇ ಬಿದ್ದಿತ್ತು ನೀಲಿ ಸೀಮೆಸುಣ್ಣದ ಬಿಲ್ಲೆ.

ಮೆಷಿನು ನಿಂತಿತು.

"ಚೆಕಿಂಗ್ ಸ್ಕ್ವಾಡ್ ಹತ್ತಿಬಿಡ್ತಲ್ಲಮ್ಮಾ," ಅಂದರು ಕಂಡಕ್ಟರು. "ಇಷ್ಟು ವರ್ಷ ನಾನು ಹಿಡೀತಿದ್ದೆ. ಇವತ್ತು ನಾನೇ ಸಿಕ್ಕಿಬಿದ್ದೆ."

"ನೀವು ಬಾಯಿ ಮುಚ್ಕೊಂಡಿರಿ," ಅಂದರು ಟೈಲರಮ್ಮ.

"ಮುಚ್ಕೊಂಡ್ರೆ ಉಸಿರಾಡೋದು ಯಾವುದರಲ್ಲಿ? ಮೂಗಿಂದ ಸಾಲಲ್ಲ ಅಂತ ತಾನೇ ಆಸ್ಪತ್ರೆ ಸೇರಿದ್ದು?"

ಅವಳಿಗೆ ನಗು ಬಂತು. ನಕ್ಕಳು ಕೂಡ. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಔಷಧಿ ಕೋಣೆಯವರನ್ನ ಇವತ್ತು ಸಂಜೆ ಪೊಲೀಸಿಗೆ ಒಪ್ಪಿಸ್ತಾರೆ. ಮಾತ್ರೆ ಬೆರೆಸಿದ್ದು ಅವರೇ ಅಂತೆ."

ಟೈಲರಮ್ಮನ ಕೈ ಕೊರಳಿನ ಟೇಪಿನ ಮೇಲೆ ನಿಂತುಬಿಟ್ಟಿತು. "ಬೀಗದಣ್ಣನ್ನಾ? ಅಯ್ಯೋ, ಆ ಮನುಷ್ಯ ಸೊಳ್ಳೆ ಹೊಡೆಯೋಕೂ ಎರಡು ಸಲ ಯೋಚಿಸ್ತಾನೆ."

"ಹಾಗಾದ್ರೆ ಯಾರು ಅಂತ ನೀವೇ ಹೇಳಿ."

ಟೈಲರಮ್ಮ ಕಂಡಕ್ಟರನ್ನು ನೋಡಿದರು. ಕಂಡಕ್ಟರು ನೆಲ ನೋಡಿದರು.

"ನಾವೇ," ಅಂದರು ಟೈಲರಮ್ಮ. "ಕೂತಿರೋ ಅಷ್ಟೂ ಜನ."

ಮಾತು ಆಮೇಲೆ ತುಂಡುತುಂಡಾಗಿ ಬಂತು. ನಡುನಡುವೆ ಉಸಿರು ಎಳೆದುಕೊಳ್ಳಬೇಕಿತ್ತು. ಬೆಂಚಿನ ಮೇಲೆ ಜೊತೆಗೆ ಕೂರುತ್ತಿದ್ದವರಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಕಾಯುವಾಗ ಎಲ್ಲರ ಮುಖ ಬರೆದುಕೊಡುತ್ತಿದ್ದರು. ಮೊದಲು ಬರೆಯುವ ಶಕ್ತಿ ಹೋಯಿತು, ಆಮೇಲೆ ಮೇಷ್ಟ್ರು ಬರಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಗೆ ಮಾತಾಡಿಸಿ ಬರಲು ಹೋದವರು ವಾಪಸು ಬರುವ ದಾರಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡರು. ಮೇಷ್ಟ್ರಿಗೆ ಸಿಗುತ್ತಿದ್ದದ್ದು ನಿಜವಾದದ್ದೋ, ಹುಸಿಯೋ?

"ಒಂದೇ ಬೆಂಚು ಮೇಡಂ," ಅಂದರು ಕಂಡಕ್ಟರು. "ಎಲ್ಲರ ಕೈಲೂ ಟಿಕೆಟ್ಟು ಇದೆ. ಬಸ್ಸು ಬಂದ್ರೆ ಅರ್ಧ ಜನಕ್ಕೆ ಮಾತ್ರ ಜಾಗ. ಅದೂ ಯಾರಿಗೆ ಅಂತ ಹೇಳಲ್ಲ. ಇಳಿಯೋ ಜಾಗ ಬಂದಾಗಲೇ ಗೊತ್ತಾಗೋದು, ನಾವು ಹತ್ತೇ ಇರ್ಲಿಲ್ಲ ಅಂತ."

"ಅದಕ್ಕೆ ಜೋಡಿ ಮಾಡ್ಕೊಂಡ್ವಿ," ಅಂದರು ಟೈಲರಮ್ಮ. "ಇಬ್ಬಿಬ್ಬರು. ಸೀಸೆ ಸಿಕ್ಕ ದಿನ ಇಲ್ಲಿಗೆ ಬರೋದು, ಈ ಮೇಜಿನ ಮೇಲೆ ಸುರಿಯೋದು, ಇವಳದ್ದರಲ್ಲಿ ಅರ್ಧ ಅವನಿಗೆ, ಅವನದ್ದರಲ್ಲಿ ಅರ್ಧ ಇವಳಿಗೆ. ಅರ್ಧ ಹೊಟ್ಟೆ ಆದ್ರೂ ಸರಿ, ಇಬ್ಬರೂ ಉಣ್ಣೋಣ ಅಂತ."

ಅವಳು ಮೇಜಿನ ಮೇಲಿನ ಮಾತ್ರೆಯನ್ನು ಎತ್ತಿಕೊಂಡಳು.

"ನೀವು ಹೀಗೆ ಹಂಚ್ಕೊಂಡಿದ್ರಿಂದ ಈ ಔಷಧಿ ಕೆಲಸ ಮಾಡುತ್ತಾ ಇಲ್ವಾ ಅಂತ ಯಾರಿಗೂ ಗೊತ್ತಾಗಲ್ಲ," ಅಂದಳು. "ಗೊತ್ತಾಗದಿದ್ರೆ ಇದು ಯಾವ ಆಸ್ಪತ್ರೆಗೂ ಬರಲ್ಲ. ನಿಮ್ಮ ಹಾಗೆ ಮೆಟ್ಟಿಲು ಹತ್ತೋಕಾಗದೆ ಕೂತಿರೋರು ಎಷ್ಟೋ ಊರಲ್ಲಿ ಕಾಯ್ತಾ ಇದಾರೆ ಅಮ್ಮಾ. ಈ ಲೆಕ್ಕ ಅವರಿಗೋಸ್ಕರ."

"ಇರಬಹುದು." ಟೈಲರಮ್ಮ ಸಿಟ್ಟಾಗಲಿಲ್ಲ. "ಆದ್ರೆ ಅವರ ಮುಖ ನಾನು ನೋಡಿಲ್ಲ. ಇವರ ಮುಖ ನೋಡಿದೀನಿ."

ಉತ್ತರ ಇರಲಿಲ್ಲ ಅಂತಲ್ಲ. ಉತ್ತರ ಇತ್ತು, ಸರಿಯಾದ ಉತ್ತರವೇ ಇತ್ತು. ಆ ಹೆಂಗಸಿನ ಎದುರು ಕೂತು ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ತನ್ನ ಮಗಳ ಪಕ್ಕದಲ್ಲಿ ಇನ್ನೊಂದು ಮಗು ಹಸಿದು ಕೂತಿದ್ದರೆ ತಾನು ತಟ್ಟೆಯನ್ನು ಯಾರ ಕಡೆಗೆ ಸರಿಸುತ್ತಿದ್ದೆ?

ಅದು ಹಾಗಿರಲಿ. ಬೀಗದಣ್ಣ ಉಳಿದುಕೊಂಡ. ಈ ಇಬ್ಬರು ದೊಡ್ಡ ಡಾಕ್ಟರ ಮುಂದೆ ಬಂದು ಇದೇ ಮಾತು ಹೇಳಿದರೆ ಸಾಕು. ಅವಳು ಏಳಲು ಚೀಲ ತೆಗೆದುಕೊಂಡಳು.

"ಜೋಡಿ ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗೆ ಮೇಡಂ," ಕಂಡಕ್ಟರು ವಾತಾವರಣ ತಿಳಿಯಾದ ಖುಷಿಯಲ್ಲಿ ಅಂದರು. "ಇವರ ಜೊತೆ ದಿನಾ ಬೈಸಿಕೊಳ್ಳೋದು ನನ್ನ ಹಣೇಲಿ ಬರೆದಿತ್ತು. ಮೊದಲು ಆ ಪೋಸ್ಟ್‌ಮ್ಯಾನ್ ಜೊತೆ ಇದ್ದೆ, ಹಾಯಾಗಿದ್ದೆ. ಆಮೇಲೆ ಎಲ್ಲರ ಜೋಡೀನೂ ಬದಲಾಯಿಸ್ಬೇಕು ಅಂತ ಹೇಳಿದ್ರಲ್ಲ..."

"ರೀ!" ಅಂದರು ಟೈಲರಮ್ಮ.

ತಡವಾಗಿತ್ತು. ಭೂತಗನ್ನಡಿ ಮತ್ತೆ ಕೂತಳು.

"ಯಾರು ಹೇಳಿದ್ರು?"

ಹೊರಗೆ ಬೀದಿಯಲ್ಲಿ ಲಾರಿಯೊಂದು ಹಾದುಹೋಗಿ ಗಾಜಿನ ಬಾಗಿಲು ನಡುಗಿತು.

ಅವಳ ತಲೆಯಲ್ಲಿ ರಕ್ತಪರೀಕ್ಷೆ ಮತ್ತೆ ತೆರೆದುಕೊಂಡಿತು. ತಮಗೆ ತೋಚಿದ ಹಾಗೆ ಜೋಡಿಯಾಗಿದ್ದರೆ ಏನಾಗಬೇಕಿತ್ತು? ಎಲ್ಲೋ ಒಂದು ಕಡೆ ಹುಸಿ ಮಾತ್ರೆಯ ಇಬ್ಬರು ಒಟ್ಟಿಗೆ ಬಿದ್ದು, ಅವರ ರಕ್ತದಲ್ಲಿ ಔಷಧಿಯ ಸುಳಿವೇ ಇರುತ್ತಿರಲಿಲ್ಲ. ಇನ್ನೆಲ್ಲೋ ನಿಜವಾದ ಮಾತ್ರೆಯ ಇಬ್ಬರು ಸೇರಿ ಪೂರ್ತಿ ಇರುತ್ತಿತ್ತು. ಅಂಥದ್ದು ಒಂದೂ ಇರಲಿಲ್ಲ. ಎಲ್ಲರಲ್ಲೂ ಸರಿಯಾಗಿ ಅರ್ಧ. ಪ್ರತಿ ಜೋಡಿಯಲ್ಲೂ ಒಬ್ಬರದ್ದು ನಿಜ, ಇನ್ನೊಬ್ಬರದ್ದು ಹುಸಿ.

ಇದು ತಾನಾಗಿ ಕೂಡುವಂಥದ್ದಲ್ಲ. ಗುಟ್ಟು ಗೊತ್ತಿದ್ದವರು ಯಾರೋ ಕೂಡಿಸಿಕೊಟ್ಟಿದ್ದರು.

ಈ ಕಟ್ಟಡದಲ್ಲಿ ಗೊತ್ತಿರುವುದು ಒಬ್ಬರಿಗೆ ಎಂದು ದೊಡ್ಡ ಡಾಕ್ಟರು ಹೇಳಿದ್ದು ಕಿವಿಯಲ್ಲಿ ಮೊಳಗಿತು. ಅವನನ್ನು ಉಳಿಸಲು ಹೊರಟವಳು ಅವನ ಕುತ್ತಿಗೆಗೇ ಉರುಲು ಬಿಗಿದ ಹಾಗಾಯಿತು.

"ಬೀಗದಣ್ಣನೇ ಹೇಳಿದ್ರು ಅಲ್ವಾ?" ಅಂದಳು ಅವಳು. "ಯಾರ ಜೊತೆ ಯಾರು ಸೇರ್ಬೇಕು ಅಂತ."

"ಅಲ್ಲ," ಅಂದರು ಟೈಲರಮ್ಮ.

"ಆಸ್ಪತ್ರೇಲಿ ಅವರನ್ನ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲಮ್ಮಾ."

"ಅಲ್ಲ ಅಂದ್ನಲ್ಲ!" ಟೈಲರಮ್ಮ ಎದ್ದು ನಿಂತರು. "ಆ ಮನುಷ್ಯ ತಲೆ ಎತ್ತಿ ನಮ್ಮ ಮುಖಾನೂ ನೋಡಲ್ಲ. ಸೀಸೆ ಕೊಟ್ಟು ಬಾಗಿಲು ಹಾಕ್ಕೊಳ್ತಾರೆ. ಅವರಲ್ಲ."

"ಮತ್ಯಾರು? ಹೆಸರು ಹೇಳಿ. ಹೇಳದಿದ್ರೆ ಸಂಜೆ ಅವರು ಜೈಲಿಗೆ ಹೋಗ್ತಾರೆ."

"ನನ್ನ ಕಳಿಸಿ ಜೈಲಿಗೆ."

"ನಿಮ್ಮನ್ನ ಕಳಿಸಿದ್ರೂ ಅವರು ಬಿಡುಗಡೆ ಆಗಲ್ಲ. ಗುಟ್ಟು ಕೊಟ್ಟವರು ಬೇಕು."

"ಕೊಡಲ್ಲ." ಟೈಲರಮ್ಮ ಮೇಜಿನ ಅಂಚು ಹಿಡಿದರು. "ನಾವು ಕೇಳಿರ್ಲಿಲ್ಲ. ಅವರಾಗೇ ಬಂದಿದ್ದು. ಮೇಷ್ಟ್ರು ಹೋದ ಮೇಲೆ... ಒಂದಿನ ಬಂದು... ಇಲ್ಲೇ ಕೂತು ಅತ್ತಿದ್ದು. ನಮಗಿಂತ ಜಾಸ್ತಿ ಅತ್ತಿದ್ದು. ಅಂಥವರನ್ನ..."

ಕೆಮ್ಮು ಬಂತು. ಒಣ ಕೆಮ್ಮು, ಒಂದರ ಬೆನ್ನಿಗೊಂದು. ಕಂಡಕ್ಟರು ಎದ್ದು ನೀರಿಗಾಗಿ ಒಳಗೆ ಓಡಿದರು. ಓಡಿದ್ದು ಎರಡು ಹೆಜ್ಜೆ, ಆಮೇಲೆ ಗೋಡೆ ಹಿಡಿದುಕೊಂಡು ನಡೆದರು.

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಅವಳು ಒಂದು ಕೈಯಲ್ಲಿ ಟೈಲರಮ್ಮನ ತೋಳು ಹಿಡಿದು ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟಳು.

"ಮುಗೀತೇನೇ?" ಹಿರಿಯಕ್ಕ.

"ಅಕ್ಕಾ, ಒಂದ್ನಿಮಿಷ ಇರಿ. ಒಬ್ಬರು ರೋಗಿ ಜೊತೆ ಮಾತಾಡ್ತಾ ಇದೀನಿ. ಉಸಿರು ಹತ್ತಿಬಿಟ್ಟಿದೆ ಪಾಪ..."

ಕೆಮ್ಮು ಮತ್ತೆ ಬಂತು. ಫೋನಿನೊಳಗೂ ಹೋಗಿರಬೇಕು.

"ನಿಲ್ಲಿಸಿದೀಯಾ ಅವರನ್ನ?" ಹಿರಿಯಕ್ಕನ ದನಿಯಲ್ಲಿ ಗಾಬರಿ. "ನಿಲ್ಲಿಸಬೇಡ ಕಣೇ. ಕತ್ತರಿಸೋ ಮೇಜಿನ ಕೆಳಗೆ ಸ್ಟೂಲ್ ಇರುತ್ತೆ ನೋಡು, ಅದನ್ನ ಎಳ್ಕೊ. ಮುಂದಕ್ಕೆ ಬಗ್ಗಿಸಿ ಕೂರ್ಸು, ಮೊಣಕಾಲ ಮೇಲೆ ಕೈ ಊರಿಸು. ಬೇಗ."

ಅವಳು ಬಗ್ಗಿ ಇಳಿಬಿದ್ದ ಕೋಟನ್ನು ಸರಿಸಿದಳು. ಸ್ಟೂಲ್ ಇತ್ತು. ಎಳೆದಳು. ಟೈಲರಮ್ಮನನ್ನು ಕೂರಿಸಿ, ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ಬಾಗಿಸಿದಳು. ಕೆಮ್ಮು ನಿಧಾನಕ್ಕೆ ತಗ್ಗಿತು. ಉಸಿರು ದಾರಿಗೆ ಬಂತು.

ಅವಳ ಕೈ ಆ ಬೆನ್ನಿನ ಮೇಲೇ ನಿಂತುಹೋಯಿತು.

ತಾನು ಎಲ್ಲಿದ್ದೇನೆಂದು ಅವಳು ಯಾರಿಗೂ ಹೇಳಿರಲಿಲ್ಲ.

"ಅಕ್ಕಾ?" ಅಂದಳು.

ಕರೆ ಕಡಿದಿರಲಿಲ್ಲ. ಆ ಕಡೆಯ ಉಸಿರು ಮಾತ್ರ ಕೇಳಿಸುತ್ತಿತ್ತು.

ಟೈಲರಮ್ಮ ತಲೆಯೆತ್ತಿ ಅವಳ ಕಿವಿಯಲ್ಲಿದ್ದ ಫೋನನ್ನು ನೋಡಿದರು. ಅವಳ ಮುಖ ನೋಡಿದರು. ಅವರ ಕಣ್ಣುಗಳು ತುಂಬಿಕೊಂಡವು.

"ಅವರಿಗೆ ಹೇಳಿ ತಾಯಿ," ಅಂದರು ಮೆಲ್ಲಗೆ. "ನಾನೇನೂ ಹೇಳ್ಲಿಲ್ಲ ಅಂತ."